ಸಮುದ್ರದ ಮೇಲಿನ ಹೆಲಿಕಾಪ್ಟರ್ ನೌಕರಿ: ಹೋಗುವುದೋ, ಬಿಡುವುದೋ?



ನಿಮ್ಮ ಮನೆಯ ದೇವರ ಗೂಡಿನಲ್ಲೋ ಹಳೆಯ ಮುಯ್ಯಿ ಕವರಿನಲ್ಲೋ ಒಂದು ರೂಪಾಯಿಯ ನೋಟು ಇದ್ದರೆ ಒಮ್ಮೆ ತೆಗೆದು ಅದರ ಹಿಂಬದಿಯನ್ನು ನೋಡಿರಿ. ನಮ್ಮ ಗಡಿಯ ಊರುಗಳಲ್ಲಿ ಕನ್ನಡದ ಮನೆಯವರು ನೂರಾ ಒಂದು ಓದಿಸುತ್ತಾರೆ, ತೆಲುಗಿನ ಮನೆಯವರು ನೂರಾ ಹದಿನಾರು ಓದಿಸುತ್ತಾರೆ. ಎರಡರಲ್ಲೂ ಆ ಕೊನೆಯ ಒಂದು ರೂಪಾಯಿ ಬೇಕೇ ಬೇಕು. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಾನು ಎಣಿಸಿದ ನೋಟುಗಳಿಗೆ ಲೆಕ್ಕವಿಲ್ಲ. ಈ ಒಂದು ರೂಪಾಯಿಯದು ಮಾತ್ರ ಬೇರೆ ಜಾತಿ. ಉಳಿದ ನೋಟುಗಳಿಗೆ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿ, ಇದಕ್ಕೆ ಹಣಕಾಸು ಇಲಾಖೆಯ ಕಾರ್ಯದರ್ಶಿಯ ಸಹಿ. 1994ರಲ್ಲಿ ಮುದ್ರಣ ನಿಲ್ಲಿಸಿದರು, 2015ರಲ್ಲಿ ಮತ್ತೆ ತಂದರು. ಅದರ ಬೆನ್ನ ಮೇಲೆ ನೀರಿನ ನಡುವೆ ಕಬ್ಬಿಣದ ಕಾಲುಗಳನ್ನೂರಿ ನಿಂತ ಒಂದು ದೊಡ್ಡ ಅಟ್ಟದ ಚಿತ್ರವಿದೆ. ಅದರ ಹೆಸರು ಸಾಗರ ಸಾಮ್ರಾಟ್.

ರಿಗ್ಗು ಎಂದರೆ ಏನೆಂದು ನಮ್ಮ ರಾಯದುರ್ಗ, ಮಡಕಶಿರ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೋರ್‌ವೆಲ್ ಲಾರಿ ಬಂದು ಹೊಲದಲ್ಲಿ ನಿಂತಾಗ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಲ್ಲುವ ಜನ ನಾವು. ಇಲ್ಲಿ ನೀರಿಗಾಗಿ ನೆಲ ಕೊರೆಯುತ್ತಾರೆ. ಅಲ್ಲಿ ನೀರಿನ ಅಡಿಯ ನೆಲ ಕೊರೆದು ಎಣ್ಣೆ ತೆಗೆಯುತ್ತಾರೆ. 1974ರ ಫೆಬ್ರವರಿಯಲ್ಲಿ ಈ ಸಾಗರ ಸಾಮ್ರಾಟ್ ಎಂಬ ರಿಗ್ಗೇ ಮುಂಬಯಿಯ ಪಶ್ಚಿಮಕ್ಕೆ ಸಮುದ್ರದಲ್ಲಿ ಎಣ್ಣೆ ಕಂಡದ್ದು. ಬಾಂಬೆ ಹೈ ಎಂದು ಹೆಸರಾದ ಆ ಜಾಗದಿಂದ 1976ರಲ್ಲಿ ಎಣ್ಣೆ ತೆಗೆಯಲು ಶುರುವಾಯಿತು. ಈಗ ಮುಂಬಯಿ ಹೈ ಎನ್ನುತ್ತಾರೆ. ದಡದಿಂದ ಸುಮಾರು 160 ಕಿಲೋಮೀಟರು. ಅನಂತಪುರದಿಂದ ಕರ್ನೂಲಿಗಿಂತ ಸ್ವಲ್ಪ ಹೆಚ್ಚೇ ದೂರ ಎಂದುಕೊಳ್ಳಿ, ಆದರೆ ದಾರಿಯುದ್ದಕ್ಕೂ ಗುತ್ತಿ ಇಲ್ಲ, ಡೋಣ್ ಇಲ್ಲ, ಚಹಾ ಅಂಗಡಿ ಇಲ್ಲ. ಬರಿ ನೀರು.

ಅಲ್ಲಿ ಕೆಲಸ ಮಾಡುವ ಸಾವಿರಾರು ಜನರನ್ನು ಕರೆದೊಯ್ಯುವುದು, ಕರೆತರುವುದು ಹೆಲಿಕಾಪ್ಟರುಗಳ ಕೆಲಸ. ಆ ಹೆಲಿಕಾಪ್ಟರ್ ನಡೆಸುವ ನೌಕರಿಗೆ ಹೋಗಬೇಕೇ ಬೇಡವೇ ಎಂಬ ಪ್ರಶ್ನೆ ನಮ್ಮ ಕಡೆಯ ಒಂದು ಮನೆಗೆ ಬಂದಿದೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ನೇಮಕಲ್ಲಿನಲ್ಲಿ ಕುಳಿತು ಸಮುದ್ರದ ಮಾತೇಕೆ ಎಂದು ನೀವು ಕೇಳಬಹುದು. ಮಕ್ಕಳನ್ನು ಓದಿಸಿದ ಮೇಲೆ ಅವರ ಕೆಲಸ ಎಲ್ಲಿಗೆ ಹೋಗುತ್ತದೋ ನಮ್ಮ ಮಾತೂ ಅಲ್ಲಿಗೆ ಹೋಗಲೇಬೇಕಲ್ಲ.

ಹುಡುಗ ಎನ್ನುತ್ತೇನೆ, ವಯಸ್ಸು ಮೂವತ್ತಾರು. ಊರಿನ ವರಸೆಯಲ್ಲಿ ನನ್ನನ್ನು ಮಾವ ಎಂದು ಕರೆಯುತ್ತಾನೆ. ಕನ್ನಡ ಶಾಲೆಯಲ್ಲಿ ಓದಿ, ಬಳ್ಳಾರಿಗೆ ಹೋಗಿ, ವಾಯುಸೇನೆ ಸೇರಿ ಹೆಲಿಕಾಪ್ಟರ್ ಪೈಲಟ್ ಆದವನು. ಸೇರಿದ್ದು ಶಾರ್ಟ್ ಸರ್ವಿಸ್ ಕಮಿಷನ್ನಿನಲ್ಲಿ. ಅಂದರೆ ಹದಿನಾಲ್ಕು ವರ್ಷ ಹಾರಿಸಿ ಹೊರಗೆ ಬರಬೇಕು. ಪಿಂಚಣಿಗೆ ಅಧಿಕಾರಿಗಳಿಗೆ ಇಪ್ಪತ್ತು ವರ್ಷದ ಸೇವೆ ಬೇಕು, ಆದ್ದರಿಂದ ಇವನಿಗೆ ಪಿಂಚಣಿ ಇಲ್ಲ. ಗ್ರಾಚುಯಿಟಿ, ಕೂಡಿಟ್ಟ ಪಿ.ಎಫ್. ಅಷ್ಟೇ. ನಮ್ಮ ಜನಕ್ಕೆ ಇದು ತಿಳಿಯದು. ಮಿಲಿಟರಿ ಎಂದ ಮೇಲೆ ಪಿಂಚಣಿ ಇದ್ದೇ ಇರುತ್ತದೆ ಎಂದು ಹೆಣ್ಣು ಕೊಡುವವರೂ ನಂಬಿರುತ್ತಾರೆ, ಸಾಲ ಕೊಡುವವರೂ ನಂಬಿರುತ್ತಾರೆ. ಇನ್ನೊಂದು ವರ್ಷಕ್ಕೆ ಅವನ ಅವಧಿ ಮುಗಿಯುತ್ತದೆ. ತಾಯಿ ಒಬ್ಬರೇ ಊರಲ್ಲಿದ್ದಾರೆ. ಹೆಂಡತಿ ಹೈದರಾಬಾದಿನಲ್ಲಿ ಶಾಲೆಯ ಟೀಚರು. ಮಗಳು ನಾಲ್ಕನೆಯ ಕ್ಲಾಸು. ಮನೆ ಸಾಲದ ಕಂತು ಇನ್ನೂ ಹದಿನೈದು ವರ್ಷ ಇದೆ.

ಅವನ ಮುಂದೆ ಮೂರು ದಾರಿ. ಒಂದು, ಸಮುದ್ರದ ಎಣ್ಣೆ ಕಂಪನಿಗಳಿಗೆ ಹೆಲಿಕಾಪ್ಟರ್ ನಡೆಸುವುದು. ಎರಡು, ಚಾರ್ಟರ್ ಕಂಪನಿ ಸೇರಿ ರಾಜಕಾರಣಿಗಳನ್ನೋ ಕೇದಾರನಾಥದ ಯಾತ್ರಿಕರನ್ನೋ ಹೊತ್ತು ತಿರುಗುವುದು. ಮೂರು, ಹಾರಾಟವನ್ನೇ ಬಿಟ್ಟು ಊರ ಕಡೆ ಬಂದು ಭಾವಮೈದುನನ ಜೊತೆ ಕಲ್ಲಿನ ಕ್ರಷರಿನಲ್ಲಿ ಪಾಲುದಾರನಾಗುವುದು. ಫೋನಿನಲ್ಲಿ ಕೇಳಿದ: "ಮಾವಾ, ನೀವು ಎಷ್ಟೋ ಜನರ ಸಾಲದ ಅರ್ಜಿ ನೋಡಿದವರು. ನನ್ನದೂ ಒಂದು ಅರ್ಜಿ ಅಂತ ತಿಳಕೊಂಡು ನೋಡಿ ಹೇಳಿ."

ನೋಡಿದೆ. ಹೆಲಿಕಾಪ್ಟರಿನ ವಿಷಯ ನನಗೆ ಗೊತ್ತಿದ್ದದ್ದು ಕಡಿಮೆ. ಗಣಿ ಜೋರಾಗಿದ್ದ ಕಾಲದಲ್ಲಿ ಬಳ್ಳಾರಿಯ ಕಡೆ ತಲೆಯ ಮೇಲೆ ಹಾರುತ್ತಿದ್ದದ್ದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಹಾಗಾಗಿ ಅವನನ್ನೇ ಕೇಳಿ, ಸಿಕ್ಕಿದ್ದನ್ನೆಲ್ಲ ಓದಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಮೊದಲು ಕೆಲಸ ಎಂಥದೆಂದು ಹೇಳುತ್ತೇನೆ. 1985ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೆಲಿಕಾಪ್ಟರ್ ಕಾರ್ಪೊರೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಅದೇ ಮುಂದೆ ಪವನ್ ಹಂಸ್ ಆಯಿತು. ಎಣ್ಣೆ ಮತ್ತು ನೈಸರ್ಗಿಕ ಅನಿಲ ನಿಗಮ, ಅಂದರೆ ಓಎನ್‌ಜಿಸಿಯ ಸಮುದ್ರದ ಕೆಲಸಕ್ಕೆ ಹಾರುವುದೇ ಅದರ ಮುಖ್ಯ ಉದ್ದೇಶ. ಗ್ಲೋಬಲ್ ವೆಕ್ಟ್ರಾದಂಥ ಖಾಸಗಿ ಕಂಪನಿಗಳು ಆಮೇಲೆ ಬಂದವು. ಮುಂಬಯಿಯ ಜುಹು ಇವುಗಳ ತವರು. 1932ರಲ್ಲಿ ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಟಪಾಲು ಹೊತ್ತು ತಂದು ವಿಮಾನ ಇಳಿಸಿದ್ದು ಅದೇ ಜುಹುವಿನಲ್ಲಿ. ನಮ್ಮ ಆಂಧ್ರದ ಪೂರ್ವ ಕರಾವಳಿಯಲ್ಲಿಯೂ, ಕಾಕಿನಾಡದ ಎದುರು ಕೃಷ್ಣಾ ಗೋದಾವರಿ ಸಮುದ್ರದಲ್ಲಿ ಎಣ್ಣೆ, ಅನಿಲ ಇವೆ. ರಾಜಮಂಡ್ರಿಯಿಂದ ಅಲ್ಲಿಗೆ ಹೆಲಿಕಾಪ್ಟರುಗಳು ಹೋಗಿ ಬರುತ್ತವೆ.

ಬೆಳಿಗ್ಗೆ ಮೊದಲು ತೂಕ. ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ಚೀಲದ ಸಮೇತ ತೂಗುತ್ತಾರೆ. ಈ ಮಾತು ಕೇಳಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಸಂಜೆ ಕ್ಯಾಷ್ ಟ್ಯಾಲಿ ಆಗದೆ ಮನೆಗೆ ಹೋಗಬಾರದು ಎಂಬ ಶಿಸ್ತಿನಲ್ಲಿ ಬೆಳೆದವನು ನಾನು. ಜನರ ತೂಕ, ಸಾಮಾನಿನ ತೂಕ, ಎಣ್ಣೆಯ ತೂಕ ಎಲ್ಲ ಕೂಡಿಸಿ, ಅಂದಿನ ಬಿಸಿಲು, ಗಾಳಿಗೆ ಯಂತ್ರ ಎಷ್ಟು ಎತ್ತಬಲ್ಲದೋ ಅದರೊಳಗೆ ಇರಬೇಕು. ಬಿಸಿಲು ಹೆಚ್ಚಾದಷ್ಟೂ ಗಾಳಿ ತೆಳುವಾಗಿ ಯಂತ್ರ ಎತ್ತುವ ಭಾರ ಕಡಿಮೆಯಾಗುತ್ತದೆ. ಇಂಧನದ ಲೆಕ್ಕ ಇನ್ನೂ ಕಟ್ಟುನಿಟ್ಟು. ಹೋಗುವಷ್ಟು, ಅಲ್ಲಿ ಇಳಿಯಲಾಗದಿದ್ದರೆ ಬೇರೆ ಕಡೆಗೆ ಹೋಗುವಷ್ಟು, ಅದರ ಮೇಲೆ ಕೈಗಾವಲಿಗೆ ಇನ್ನಷ್ಟು. ರಸ್ತೆಯಲ್ಲಿ ಡೀಸೆಲ್ ಮುಗಿದರೆ ಲಾರಿ ಪಕ್ಕಕ್ಕೆ ನಿಲ್ಲುತ್ತದೆ. ಅಲ್ಲಿ ಪಕ್ಕ ಎಂಬುದಿಲ್ಲ.

ಇಳಿಯುವ ಜಾಗಕ್ಕೆ ಹೆಲಿಡೆಕ್ಕು ಎನ್ನುತ್ತಾರೆ. ಕಬ್ಬಿಣದ ಅಟ್ಟದ ಒಂದು ಮೂಲೆಯಲ್ಲಿ, ಸಮುದ್ರದ ಮೇಲೆ ಚಾಚಿಕೊಂಡಂತೆ, ನಮ್ಮ ಒಕ್ಕಣೆಯ ಕಣದಷ್ಟು ಜಾಗ. ಸುತ್ತ ಬಲೆ ಕಟ್ಟಿರುತ್ತದೆ. ಪಕ್ಕದಲ್ಲಿ ಕ್ರೇನು, ಕಂಬ, ಇನ್ನೊಂದು ಕಡೆ ಅನಿಲ ಉರಿಸುವ ಬೆಂಕಿಯ ನಾಲಿಗೆ. ಆ ಬೆಂಕಿಯ ಬಿಸಿಗಾಳಿ ಹೆಲಿಕಾಪ್ಟರಿಗೆ ಸಿಕ್ಕರೆ ಒಂದು ಕ್ಷಣ ಬಲ ಕುಂದುತ್ತದೆ. ಡೆಕ್ಕಿನ ಮೇಲೆ ಒಬ್ಬ ಅಧಿಕಾರಿ, ಬೆಂಕಿ ನಂದಿಸುವ ಸಿಬ್ಬಂದಿ ಸಿದ್ಧವಾಗಿ ನಿಂತಿರುತ್ತಾರೆ. ರೆಕ್ಕೆ ತಿರುಗುತ್ತಿರುವಂತೆಯೇ ಜನ ಬಗ್ಗಿಕೊಂಡು ಇಳಿಯುತ್ತಾರೆ, ಬೇರೆಯವರು ಹತ್ತುತ್ತಾರೆ. ಅಲ್ಲಿಂದ ಇನ್ನೊಂದು ಅಟ್ಟ, ಮತ್ತೊಂದು ರಿಗ್ಗು. ಒಂದು ಲೆಕ್ಕದಲ್ಲಿ ನಮ್ಮ ಪಲ್ಲೆವೆಲುಗು ಬಸ್ಸಿನ ಡ್ರೈವರನ ಕೆಲಸವೇ. ಪೈಲಟ್ ಎಂದರೆ ಸಿನಿಮಾದಲ್ಲಿ ತೋರಿಸುವ ಸಾಹಸ ಎಂದುಕೊಂಡವರಿಗೆ ಇದು ಬೇಸರ ತಂದೀತು. ದಿನಾ ಅದೇ ಹಾದಿ, ಅದೇ ಚೆಕ್‌ಲಿಸ್ಟು, ಅದೇ ತೂಕದ ಚೀಟಿ. ನನಗೆ ಕೇಳಿದರೆ ಆ ಬೇಸರವೇ ಈ ನೌಕರಿಯ ಒಳ್ಳೆಯ ಗುಣ.

ಈ ಹೆಲಿಕಾಪ್ಟರುಗಳು ಎಷ್ಟು ಅಗತ್ಯ ಎಂಬುದಕ್ಕೆ 2005ರ ಜುಲೈ 27ರ ಘಟನೆಯೊಂದೇ ಸಾಕು. ಅದರ ಹಿಂದಿನ ದಿನ ಮುಂಬಯಿ ಮುಳುಗಿದ್ದು ನಿಮಗೆ ನೆನಪಿರಬಹುದು. ಸಮುದ್ರದಲ್ಲಿ ಸಮುದ್ರ ಸುರಕ್ಷಾ ಎಂಬ ಹಡಗಿನ ಅಡುಗೆಯವನೊಬ್ಬನ ಬೆರಳ ತುದಿಗಳು ಅಡುಗೆಮನೆಯಲ್ಲಿ ಕತ್ತರಿಸಿಹೋದವು. ಬೇರೆ ದಿನವಾಗಿದ್ದರೆ ಹೆಲಿಕಾಪ್ಟರಿನಲ್ಲಿ ದಡಕ್ಕೆ ಕಳಿಸುತ್ತಿದ್ದರು. ಮಳೆಗೆ ದಡದ ಹೆಲಿಕಾಪ್ಟರುಗಳು ನಿಂತಿದ್ದವು. ಅವನನ್ನು ಮುಂಬಯಿ ಹೈ ಉತ್ತರದ ದೊಡ್ಡ ಅಟ್ಟದಲ್ಲಿದ್ದ ವೈದ್ಯರಲ್ಲಿಗೆ ಸಾಗಿಸಲು ಹಡಗೇ ಹತ್ತಿರ ಬಂತು. ಕ್ರೇನಿನಿಂದ ಅವನನ್ನು ಮೇಲಕ್ಕೆ ಎತ್ತಿಕೊಂಡರು. ಆಮೇಲೆ ಹಡಗು ಅಲೆಗೆ ಸಿಕ್ಕಿ ಅಟ್ಟಕ್ಕೆ ಬಡಿದು, ಎಣ್ಣೆ ಅನಿಲ ಬರುವ ಕೊಳವೆ ಒಡೆಯಿತು. ಬೆಂಕಿ. ಎರಡು ಗಂಟೆಯೊಳಗೆ ಅಟ್ಟವೇ ಇಲ್ಲವಾಯಿತು. 22 ಜನ ಸತ್ತರು, 362 ಜನರನ್ನು ಉಳಿಸಿದರು. ಬೆರಳಿನ ಗಾಯ ಎಲ್ಲಿ, ಇಷ್ಟು ದೊಡ್ಡ ನಾಶ ಎಲ್ಲಿ! ಒಂದು ಹೆಲಿಕಾಪ್ಟರು ಒಂದು ದಿನ ಹಾರದಿದ್ದರೆ ಅಲ್ಲಿ ಏನೇನು ಆಗಬಹುದು ಎಂಬುದನ್ನು ನೋಡಿ.

ಇನ್ನು ಅಪಾಯದ ಲೆಕ್ಕ. ಇದನ್ನು ಮರೆಮಾಚಿ ಹೇಳಬಾರದು. 2003ರ ಆಗಸ್ಟ್ 11ರಂದು ಓಎನ್‌ಜಿಸಿ ನೌಕರರನ್ನು ಒಯ್ಯುತ್ತಿದ್ದ ಮಿ-172 ಹೆಲಿಕಾಪ್ಟರು ಮುಂಬಯಿಯ ಆಚೆ ಸಮುದ್ರಕ್ಕೆ ಬಿದ್ದು 27 ಜನ ಸತ್ತರು. 2015ರ ನವೆಂಬರ್ 4ರ ರಾತ್ರಿ ತರಬೇತಿ ಹಾರಾಟದಲ್ಲಿದ್ದ ಡಾಫಿನ್ ಹೆಲಿಕಾಪ್ಟರು ಬಿದ್ದು ಇಬ್ಬರು ಪೈಲಟ್‌ಗಳು ಹೋದರು. 2018ರ ಜನವರಿ 13ರಂದು ಜುಹುವಿನಿಂದ ಹೊರಟ ಇನ್ನೊಂದು ಡಾಫಿನ್ ಸ್ವಲ್ಪ ಹೊತ್ತಿನಲ್ಲೇ ಬಿದ್ದು ಅದರಲ್ಲಿದ್ದ ಏಳೂ ಜನ ಸತ್ತರು. ಐವರು ಓಎನ್‌ಜಿಸಿ ಅಧಿಕಾರಿಗಳು, ಇಬ್ಬರು ಪೈಲಟ್‌ಗಳು. 2022ರ ಜೂನ್ 28ರಂದು ಸಾಗರ ಕಿರಣ್ ಎಂಬ ರಿಗ್ಗಿನ ಹತ್ತಿರ ಸಿಕೋರ್ಸ್ಕಿ ಹೆಲಿಕಾಪ್ಟರು ನೀರಿಗೆ ಇಳಿಯಿತು. ಒಂಬತ್ತು ಜನರಲ್ಲಿ ಐವರು ಉಳಿದರು, ನಾಲ್ವರು ಉಳಿಯಲಿಲ್ಲ.

ನಾನು ಈ ತಾರೀಖುಗಳನ್ನು ಓದಿ ಹೇಳಿದಾಗ ಹುಡುಗ ಸುಮ್ಮನೆ ಕೇಳಿಸಿಕೊಂಡ. ಆಮೇಲೆ "2022ರದ್ದನ್ನು ಚೆನ್ನಾಗಿ ನೋಡಿ ಮಾವ" ಎಂದ. ಅಂಥ ಹೆಲಿಕಾಪ್ಟರುಗಳ ಹೊಟ್ಟೆಯ ಪಕ್ಕದಲ್ಲಿ ಗಾಳಿ ತುಂಬಿಕೊಳ್ಳುವ ಚೀಲಗಳಿರುತ್ತವೆ. ನೀರಿಗೆ ತಾಗುವ ಹೊತ್ತಿಗೆ ಉಬ್ಬಿ ಯಂತ್ರವನ್ನು ತೇಲಿಸಬೇಕು. ಅಂದು ಅವು ಉಬ್ಬಿದವು. ಹತ್ತಿರದ ಹಡಗು ನಾಲ್ವರನ್ನು, ರಿಗ್ಗಿನ ದೋಣಿ ಒಬ್ಬನನ್ನು ಎತ್ತಿಕೊಂಡವು. ಆದರೆ ಹೆಲಿಕಾಪ್ಟರಿನ ಭಾರವೆಲ್ಲ ನೆತ್ತಿಯ ಮೇಲೆ, ಎಂಜಿನು ಮೇಲೆ, ರೆಕ್ಕೆ ಮೇಲೆ. ಅಲೆ ಬಂದರೆ ಮಗುಚಿ ತಲೆಕೆಳಗಾಗುತ್ತದೆ. ಒಳಗಿದ್ದವರು ಕತ್ತಲ ನೀರಿನಲ್ಲಿ, ತಲೆಕೆಳಗಾಗಿ, ಬೆಲ್ಟು ಬಿಚ್ಚಿ, ಕಿಟಕಿ ತಳ್ಳಿ ಹೊರಬರಬೇಕು. ಇದಕ್ಕೇ ಒಂದು ತರಬೇತಿ ಇದೆ. ಈಜುಕೊಳದಲ್ಲಿ ಹೆಲಿಕಾಪ್ಟರಿನ ಡಬ್ಬಿಯಂಥದನ್ನು ಮುಳುಗಿಸಿ, ಮಗುಚಿ, ಒಳಗಿನಿಂದ ಹೊರಬರುವುದನ್ನು ಕಲಿಸುತ್ತಾರೆ. ಪೈಲಟ್ಟೂ ಕಲಿಯಬೇಕು, ಪ್ರಯಾಣಿಕನೂ ಕಲಿಯಬೇಕು. ಮೊದಲ ಪಾಠ ಏನು ಗೊತ್ತೇ? ಒಂದು ಕೈ ಕಿಟಕಿಯ ಅಂಚಿನ ಮೇಲೆ ಇರಲಿ, ಎಲ್ಲ ಸ್ತಬ್ಧವಾಗುವವರೆಗೆ ಬೆಲ್ಟು ಬಿಚ್ಚಬೇಡ. ತುಂಗಭದ್ರಾ ಕಾಲುವೆಯಲ್ಲಿ ಈಜು ಕಲಿತ ಹುಡುಗನಿಗೆ ನೀರಿನ ಭಯವಿಲ್ಲ, ಆದರೆ ಗಾಬರಿಯಲ್ಲಿ ಸುಮ್ಮನಿರುವುದು ಈಜಿಗಿಂತ ಬೇರೆಯೇ ವಿದ್ಯೆ.

ಹೊರದೇಶದಲ್ಲೂ ಪಾಠಗಳಾಗಿವೆ. ಬ್ರಿಟನ್, ನಾರ್ವೆ ನಡುವಿನ ಉತ್ತರ ಸಮುದ್ರದಲ್ಲಿ ಈ ಕೆಲಸ ದಶಕಗಳಿಂದ ನಡೆದಿದೆ. 2016ರ ಏಪ್ರಿಲ್ 29ರಂದು ನಾರ್ವೆಯಲ್ಲಿ ಸೂಪರ್ ಪ್ಯೂಮಾ ಜಾತಿಯ ಹೆಲಿಕಾಪ್ಟರಿನ ಗೇರ್‌ಬಾಕ್ಸು ಒಡೆದು, ತಲೆಯ ಮೇಲಿನ ರೆಕ್ಕೆಯ ಚಕ್ರವೇ ಕಳಚಿ ಹೋಗಿ 13 ಜನ ಸತ್ತರು. ಪೈಲಟ್ ಎಷ್ಟೇ ಜಾಣನಿದ್ದರೂ ಅಲ್ಲಿ ಏನೂ ಮಾಡುವಂತಿರಲಿಲ್ಲ. 2013ರ ಇನ್ನೊಂದು ಅಪಘಾತದ ನಂತರ ಬ್ರಿಟನ್ನಿನಲ್ಲಿ, ಕಿಟಕಿಯಿಂದ ಹೊರಬೀಳುವ ದಾರಿ ಸಿಗದ ಸೀಟಿನಲ್ಲಿ ಯಾರನ್ನೂ ಕೂರಿಸಬಾರದು ಎಂದು ನಿಯಮ ತಂದರು, ನೀರಿನೊಳಗೆ ಕೆಲವು ಉಸಿರು ಕೊಡುವ ಉಪಕರಣವನ್ನೂ ಕೊಟ್ಟರು.

ಹಾಗಾದರೆ ಎರಡನೆಯ ದಾರಿ, ನೆಲದ ಮೇಲಿನ ಚಾರ್ಟರು, ಕ್ಷೇಮವೇ? ನಮ್ಮ ತೆಲುಗು ನಾಡಿನವರಿಗೆ ಈ ಪ್ರಶ್ನೆ ಕೇಳಬೇಕಾಗಿಯೇ ಇಲ್ಲ. 2002ರಲ್ಲಿ ಲೋಕಸಭೆಯ ಸ್ಪೀಕರ್ ಬಾಲಯೋಗಿಯವರನ್ನು ಕೈಕಲೂರಿನ ಹತ್ತಿರ ಕಳೆದುಕೊಂಡೆವು. 2009ರ ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರು ನಲ್ಲಮಲ ಕಾಡಿನಲ್ಲಿ ಬಿದ್ದಾಗ ಇಡೀ ರಾತ್ರಿ ರೇಡಿಯೊ, ಟೀವಿ ಮುಂದೆ ಕುಳಿತಿದ್ದ ಜನ ನಾವು. ಅದಕ್ಕೆ ಎರಡು ಎಂಜಿನಿತ್ತು, ಇಬ್ಬರು ಪೈಲಟ್‌ಗಳಿದ್ದರು. ಮೋಡ, ಬೆಟ್ಟ ಎರಡೂ ಸೇರಿದರೆ ಎಂಜಿನಿನ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಕೇದಾರನಾಥದಲ್ಲಿ 2022ರ ಅಕ್ಟೋಬರ್ 18ರಂದು ಏಳು ಜನ, 2025ರ ಜೂನ್ 15ರಂದು ಮತ್ತೆ ಏಳು ಜನ, ಅದರಲ್ಲೊಂದು ಹಸುಗೂಸು. ಅಲ್ಲಿ ಹಾರಿದ್ದವು ಒಂದೇ ಎಂಜಿನಿನ, ಒಬ್ಬನೇ ಪೈಲಟ್ಟಿನ ಯಂತ್ರಗಳು. ಯಾತ್ರೆಯ ಕೆಲವೇ ತಿಂಗಳಲ್ಲಿ ದುಡಿದುಕೊಳ್ಳುವ ಆತುರ, ಸಾಲಿನಲ್ಲಿ ಕಾದು ನಿಂತ ಜನ, ಕಣಿವೆಯ ಮೋಡ. ಸಮುದ್ರದ ಕೆಲಸದಲ್ಲಿ ಎರಡು ಎಂಜಿನು, ಇಬ್ಬರು ಪೈಲಟ್‌ಗಳು, ಮೋಡದಲ್ಲಿ ಉಪಕರಣ ನೋಡಿ ಹಾರುವ ಪರವಾನಗಿ ಇವು ಇರಲೇಬೇಕು. ಬೆಟ್ಟವಂತೂ ಇಲ್ಲ. ಹವೆ ಸರಿಯಿಲ್ಲ ಎಂದರೆ ಹಾರಾಟ ರದ್ದು. ರಿಗ್ಗಿನ ಕೆಲಸಗಾರ ಇನ್ನೊಂದು ದಿನ ಅಲ್ಲೇ ಇರುತ್ತಾನೆ. "ಸಾಹೇಬರಿಗೆ ಸಭೆಗೆ ತಡವಾಗುತ್ತದೆ" ಎಂದು ಹೆಗಲ ಮೇಲೆ ಕೈಯಿಡುವವರು ಕಡಿಮೆ. ಈ ಒಂದು ಅಂಶಕ್ಕೆ ನಾನು ನನ್ನ ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದೆ. ಬೇಡ ಎನ್ನುವ ಅಧಿಕಾರ ಯಾವ ನೌಕರಿಯಲ್ಲಿ ಹೆಚ್ಚಿದೆಯೋ ಅಲ್ಲಿ ಜೀವ ಹೆಚ್ಚು ಕ್ಷೇಮ.

ಸಮುದ್ರಕ್ಕೆ ತನ್ನದೇ ಮೋಸವಿದೆ ಎಂದೂ ಅವನೇ ಹೇಳಿದ. ರಾತ್ರಿ ಹೊತ್ತು ನೀರೂ ಕಪ್ಪು, ಆಕಾಶವೂ ಕಪ್ಪು, ನಡುವೆ ರಿಗ್ಗಿನ ದೀಪ ಒಂದೇ. ಮಳೆಗಾಲದಲ್ಲಿ ಹಗಲೇ ಹಾಗೆ, ಎಲ್ಲ ಒಂದೇ ಬೂದಿ ಬಣ್ಣ. ಕಿವಿಯೊಳಗಿನ ಸಮತೋಲನ ಸುಳ್ಳು ಹೇಳುತ್ತದೆ, ವಾಲುತ್ತಿದ್ದರೂ ನೆಟ್ಟಗಿದ್ದೇನೆ ಎನಿಸುತ್ತದೆ. ಕಣ್ಣು ಕಿವಿ ನಂಬದೆ ಗಡಿಯಾರದಂಥ ಆ ಉಪಕರಣಗಳನ್ನೇ ನಂಬಬೇಕು. ಉಪ್ಪುಗಾಳಿ ಇನ್ನೊಂದು ಶತ್ರು. ಯಂತ್ರವನ್ನು ಸಿಹಿನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಇಲ್ಲವಾದರೆ ತುಕ್ಕು ಒಳಗೊಳಗೇ ತಿನ್ನುತ್ತದೆ.

ಈಗ ದುಡ್ಡಿನ ಮಾತಿಗೆ ಬರೋಣ. ಇದು ನನ್ನ ಕ್ಷೇತ್ರ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಪೈಲಟ್ ಅಲ್ಲದವರ ಮನೆಗೂ ಉಪಯೋಗವಾದೀತು.

ಸಂಬಳ ಸೇನೆಗಿಂತ ಹೆಚ್ಚು, ಅದರಲ್ಲಿ ಅನುಮಾನವಿಲ್ಲ. ಆದರೆ ಸಂಬಳ ಶುರುವಾಗುವ ಮುನ್ನ ಖರ್ಚಿದೆ. ಸೇನೆಯಲ್ಲಿ ಎಷ್ಟು ಸಾವಿರ ಗಂಟೆ ಹಾರಿಸಿದ್ದರೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರೀಕ್ಷೆ ಬರೆದು ಲೈಸೆನ್ಸು ಪಡೆಯಬೇಕು, ವೈದ್ಯಕೀಯ ಪರೀಕ್ಷೆ ಗೆಲ್ಲಬೇಕು, ಹೊಸ ಜಾತಿಯ ಹೆಲಿಕಾಪ್ಟರಿಗೆ ಬೇರೆ ತರಬೇತಿ. ಬೆಂಗಳೂರಿನಲ್ಲಿ ಎಚ್‌ಎಎಲ್ ಮತ್ತು ಕೆನಡಾದ ಕಂಪನಿಯೊಂದು ಸೇರಿ ನಡೆಸುವ ಹ್ಯಾಟ್ಸಾಫ್ ಎಂಬ ಕೇಂದ್ರದಲ್ಲಿ ನೆಲದ ಮೇಲೇ ಹಾರಾಟ ಕಲಿಸುವ ಯಂತ್ರಗಳಿವೆ. ಡಾಫಿನ್, ಧ್ರುವ ಎರಡಕ್ಕೂ ಅಲ್ಲಿ ಕಲಿಯಬಹುದು. ತರಬೇತಿಯ ಖರ್ಚನ್ನು ಕಂಪನಿ ಕೊಟ್ಟರೆ ಬಾಂಡ್ ಬರೆಸಿಕೊಳ್ಳುವುದುಂಟು. ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬುದನ್ನು ಓದದೆ ಸಹಿ ಹಾಕಬಾರದು. ಸಹಿ ಹಾಕುವ ಕೈಯನ್ನು ಕೌಂಟರಿನ ಈಚೆಯಿಂದ ಬಹಳ ವರ್ಷ ನೋಡಿದ್ದೇನೆ. ಓದುವವರು ನೂರಕ್ಕೆ ಐದು ಜನ.

ಇನ್ಶೂರೆನ್ಸು. ನಿಮ್ಮ ಪಾಲಿಸಿಯ ಹಿಂದಿನ ಸಣ್ಣಕ್ಷರಗಳನ್ನು ಇವತ್ತೇ ತೆಗೆದು ನೋಡಿ. ಅಪಘಾತದಲ್ಲಿ ಸತ್ತರೆ ಎರಡರಷ್ಟು ಹಣ ಎಂಬ ಸೌಲಭ್ಯ ವಿಮಾನದಲ್ಲಿ ಪ್ರಯಾಣಿಕನಾಗಿ ಹೋದವನಿಗೆ ಸಾಮಾನ್ಯವಾಗಿ ಅನ್ವಯಿಸುತ್ತದೆ, ಹಾರಿಸುವವನಿಗೆ ಅನ್ವಯಿಸುವುದಿಲ್ಲ. ಹುಡುಗನ ಎರಡು ಪಾಲಿಸಿಗಳನ್ನು ತರಿಸಿ ನೋಡಿದೆ. ಹಾಗೇ ಇತ್ತು. ಆದ್ದರಿಂದ ಕಂಪನಿ ತನ್ನ ಪೈಲಟ್‌ಗಳಿಗೆ ಎಷ್ಟಕ್ಕೆ ವಿಮೆ ಮಾಡಿದೆ, ಆ ಹಣ ಯಾರ ಹೆಸರಿಗೆ ಬರುತ್ತದೆ ಎಂದು ಬರವಣಿಗೆಯಲ್ಲಿ ಕೇಳು ಎಂದೆ. ಇನ್ನೊಂದು ವಿಮೆಯೂ ಇದೆಯಂತೆ, ಲೈಸೆನ್ಸು ಕಳೆದುಕೊಂಡರೆ ಸಿಗುವಂಥದು. ರಕ್ತದೊತ್ತಡ ಏರಿತು, ಹೃದಯದಲ್ಲಿ ಏನೋ ಕಂಡಿತು ಎಂದರೆ ಗುಮಾಸ್ತ ಮಾತ್ರೆ ನುಂಗಿ ಲೆಡ್ಜರು ಬರೆಯುತ್ತಾನೆ, ಪೈಲಟ್ಟಿಗೆ ಅಂದಿಗೇ ಕೆಲಸ ನಿಲ್ಲಬಹುದು. ಮೂವತ್ತಾರರಲ್ಲಿ ಈ ಮಾತು ಹಗುರ, ಐವತ್ತರಲ್ಲಿ ಭಾರ.

ಇನ್ನು ನೌಕರಿಯ ಗಟ್ಟಿತನ. ಎಣ್ಣೆ ಕಂಪನಿ ಹೆಲಿಕಾಪ್ಟರನ್ನು ಟೆಂಡರಿನ ಮೇಲೆ ಕೆಲವು ವರ್ಷಕ್ಕೆ ಬಾಡಿಗೆಗೆ ಪಡೆಯುತ್ತದೆ. ಟೆಂಡರು ಕೈತಪ್ಪಿದರೆ ಪೈಲಟ್ ಬೇರೆ ಕಂಪನಿಯ ಬಾಗಿಲು ತಟ್ಟಬೇಕು. ಪ್ರಪಂಚದ ಎಣ್ಣೆ ಬೆಲೆ 2014ರಲ್ಲಿ ಪೀಪಾಯಿಗೆ 100 ಡಾಲರಿಗೂ ಮೇಲಿತ್ತು, 2016ರ ಜನವರಿಯಲ್ಲಿ 30 ಡಾಲರಿಗೂ ಕೆಳಗೆ ಬಂತು. ಆ ಹೊಡೆತಕ್ಕೆ ಸಿಎಚ್‌ಸಿ ಎಂಬ ದೊಡ್ಡ ಹೆಲಿಕಾಪ್ಟರ್ ಕಂಪನಿ 2016ರಲ್ಲಿ, ಬ್ರಿಸ್ಟೋ ಎಂಬ ಇನ್ನೂ ಹಳೆಯ ಕಂಪನಿ 2019ರಲ್ಲಿ ದಿವಾಳಿ ಅರ್ಜಿ ಹಾಕಿದವು. ನಮಗಿದು ಹೊಸದೇನಲ್ಲ. ಡಿ. ಹಿರೇಹಾಳು, ಓಬಳಾಪುರಂ, ಸಂಡೂರಿನ ಅದಿರಿನ ಲಾರಿಗಳು 2011ರವರೆಗೆ ಧೂಳೆಬ್ಬಿಸಿ ಓಡಿದವು. ಗಣಿ ನಿಂತ ಮೇಲೆ ಲಾರಿ ಸಾಲದ ಕಂತು ಕಟ್ಟಲಾರದೆ ಎಷ್ಟು ಮನೆ ಮಂದಿ ಬ್ಯಾಂಕಿಗೆ ಅಲೆದರು ಎಂಬುದು ನಿಮಗೇ ಗೊತ್ತು. ನೆಲದೊಳಗಿನ ವಸ್ತುವನ್ನು ನಂಬಿದ ನೌಕರಿಗೆ ಒಂದು ವರ್ಷದ ಕಂತಿನಷ್ಟು ಹಣ ಫಿಕ್ಸೆಡ್ ಡಿಪಾಸಿಟ್ಟಿನಲ್ಲಿ ಬೇರೆ ಇರಬೇಕು. ಇದು ನನ್ನ ಷರತ್ತು, ಅವನು ಒಪ್ಪಿದ.

ಪವನ್ ಹಂಸ್ ಸರ್ಕಾರದ್ದಲ್ಲವೇ, ಗಟ್ಟಿಯಲ್ಲವೇ ಎಂದು ಕೆಲವರು ಕೇಳಿದರು. ಅದರಲ್ಲಿ ಕೇಂದ್ರ ಸರ್ಕಾರದ ಪಾಲು 51, ಓಎನ್‌ಜಿಸಿಯದು 49. ಮಾರಿಬಿಡಲು ಸರ್ಕಾರ ಹಲವು ಸಲ ಪ್ರಯತ್ನಿಸಿತು. 2022ರಲ್ಲಿ ಕೊಳ್ಳುವವರೂ ಸಿಕ್ಕಿದ್ದರು, 2023ರಲ್ಲಿ ಆ ವ್ಯವಹಾರ ರದ್ದಾಯಿತು. ಎಣ್ಣೆ ಕೆಲಸಕ್ಕೆ ನಮ್ಮ ಎಚ್‌ಎಎಲ್‌ನ ಧ್ರುವವನ್ನೇ ಹಾರಿಸುವ ಒಪ್ಪಂದ 2025ರಲ್ಲಿ ಆಗಿದೆ. ಮಡಕಶಿರದ ಕೇಳುಗರಿಗೆ ಒಂದು ಮಾತು: ಸಿರಾ ದಾಟಿ ಮುಂದೆ ಹೋದರೆ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಐಟಿಐ, ಡಿಪ್ಲೊಮಾ ಓದುವ ಮಕ್ಕಳಿದ್ದರೆ ಹಾರಿಸುವ ಕೆಲಸದ ಜೊತೆಗೆ ಕಟ್ಟುವ, ರಿಪೇರಿ ಮಾಡುವ ಕೆಲಸದ ಕಡೆಗೂ ಕಣ್ಣಿಟ್ಟಿರಿ. ಸ್ವಂತ ದುಡ್ಡಿನಲ್ಲಿ ಪೈಲಟ್ ಲೈಸೆನ್ಸು ಮಾಡಿಸುತ್ತೇವೆ ಎಂದು ಹೊಲ ಮಾರಲು ಹೊರಡುವವರು ಒಂದು ಸಲ ಅಲ್ಲ, ಹತ್ತು ಸಲ ಯೋಚಿಸಿ. ಲೈಸೆನ್ಸಿಗೆ 150 ಗಂಟೆ ಹಾರಾಟ ಸಾಕು, ಆದರೆ ಅಷ್ಟೇ ಅನುಭವದವನನ್ನು ನಂಬಿ ಸಮುದ್ರದ ಮೇಲೆ ಕಳಿಸುವವರು ಅಪರೂಪ. ಅಲ್ಲಿ ಇರುವವರಲ್ಲಿ ಬಹಳ ಜನ ಸೇನೆಯಿಂದ ಬಂದವರು.

ಮೂರನೆಯ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರಷರಿನ ಲೆಕ್ಕಪುಸ್ತಕ ತರಲು ಹೇಳಿದೆ. ಇಲ್ಲಿಯವರೆಗೆ ಬಂದಿಲ್ಲ.

ಉಳಿದದ್ದು ಮನೆಯವರು. ಹೆಂಡತಿ ನೇರವಾಗಿ ಹೇಳಿದಳಂತೆ: ಕೆಲವು ವಾರ ಕೆಲಸ, ಕೆಲವು ವಾರ ಮನೆ ಎಂಬ ಸರದಿ ಇದ್ದರೆ ಸೇನೆಗಿಂತ ವಾಸಿ, ಮಗಳಿಗೆ ಅಪ್ಪ ಇಂಥ ದಿನ ಬರುತ್ತಾನೆ ಎಂದು ಕ್ಯಾಲೆಂಡರಿನಲ್ಲಿ ತೋರಿಸಬಹುದು. ಪಕ್ಕದ ಮನೆಯ ರೆಡ್ಡಿಯವರು "ಎಂದುಕು ನಾಯನಾ ಆ ಸಮುದ್ರಂ, ಈಡನೇ ಉಂಡರಾದಾ" ಎಂದು ನಮ್ಮೆಲ್ಲರ ಮನಸ್ಸಿನ ಮಾತನ್ನೇ ಆಡಿದರು. ತಾಯಿಯದು ಬೇರೆ ವಾದ. ಪ್ರತಿ ಶನಿವಾರ ನೇಮಕಲ್ಲು ಆಂಜನೇಯನ ಗುಡಿಗೆ ತಪ್ಪದೆ ಬರುವವರು. "ಅಣ್ಣಾ, ಆಂಜನೇಯ ಸಮುದ್ರ ಹಾರಿದ್ದು ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ. ನನ್ನ ಮಗ ದಿನಾ ಹಾರಬೇಕಂತಲ್ಲ" ಎಂದರು. ನಾನು ಮೈನಾಕ ಪರ್ವತದ ಕಥೆ ನೆನಪಿಸಿದೆ. ಹಾರುವವನಿಗೆ ಕಾಲೂರಲೆಂದು ಸಮುದ್ರದ ನಡುವೆ ಎದ್ದು ನಿಂತ ಬೆಟ್ಟ. ಈ ರಿಗ್ಗುಗಳೂ ಹಾಗೆಯೇ ಅಕ್ಕಾ, ಮುಂಬಯಿ ಹೈನಲ್ಲಿ ಇಂಥವು ಬೇಕಾದಷ್ಟಿವೆ ಎಂದೆ. ಆಕೆ ಒಪ್ಪಲಿಲ್ಲ. "ಆಂಜನೇಯ ಮೈನಾಕನ ಮೇಲೆ ಕೂಡಲೇ ಇಲ್ಲ, ಕೈಯಲ್ಲಿ ಮುಟ್ಟಿ ಮುಂದೆ ಹೋದ" ಎಂದು ನನ್ನನ್ನೇ ತಿದ್ದಿದರು. ಪುರಾಣದಲ್ಲಿ ಆಕೆಯೊಂದಿಗೆ ವಾದ ಮಾಡಿ ಗೆಲ್ಲುವುದು ಕಷ್ಟ.

ಕೊನೆಗೆ ಆಕೆ ಮಗನನ್ನು ಕೇಳಿದ್ದು ಒಂದೇ ಪ್ರಶ್ನೆ. ಗಾಳಿಮಳೆ ಇದ್ದ ದಿನ ಹೋಗುವುದಿಲ್ಲ ಎಂದರೆ ನಿನ್ನ ಸಂಬಳ ಹಿಡಿಯುತ್ತಾರೆಯೇ? ಇಷ್ಟೆಲ್ಲ ನೋಟ್‌ಬುಕ್ಕು ತುಂಬಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಕೆಲವು ಕಡೆ ಹಾರಿದ ಗಂಟೆಗೆ ಇಷ್ಟು ಎಂದು ಭತ್ಯೆ ಕೊಡುತ್ತಾರಂತೆ. ಹಾಗಿದ್ದರೆ ಹಾರದ ದಿನ ನಷ್ಟವೇ. ತಿಂಗಳಿಗೆ ಇಷ್ಟು ಗಂಟೆ ಹಾರಿದರೂ ಹಾರದಿದ್ದರೂ ಖಾತರಿ ಎಂದು ಬರೆದುಕೊಟ್ಟಿರುವ ಕಡೆ ಮಾತ್ರ ಹೋಗು ಎಂದು ತಾಯಿ ಹೇಳಿದರು. ಮಗ ತಲೆಯಾಡಿಸಿದ.

ಸಂದರ್ಶನಕ್ಕೆ ಅವನು ಮುಂಬಯಿಗೆ ಹೋಗುವವನಿದ್ದಾನೆ. ಕೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ: ಬಾಂಡಿನ ವರ್ಷ, ವಿಮೆಯ ಮೊತ್ತ, ಟೆಂಡರು ಯಾವಾಗ ಮುಗಿಯುತ್ತದೆ, ನೀರಿನಲ್ಲಿ ಮುಳುಗಿ ಏಳುವ ತರಬೇತಿ ಎಷ್ಟು ವರ್ಷಕ್ಕೊಮ್ಮೆ, ರಾತ್ರಿ ಹಾರಾಟ ಎಷ್ಟು, ಸರದಿ ಹೇಗೆ. ತಾಯಿಯ ಪ್ರಶ್ನೆಯನ್ನು ಎಲ್ಲಕ್ಕಿಂತ ಮೇಲೆ ಹಾಕಿದ್ದೇನೆ. ಉತ್ತರ ಸರಿಬಂದರೆ ಸಮುದ್ರ, ಇಲ್ಲವಾದರೆ ರಾಜಮಂಡ್ರಿಯ ಕಡೆ ಇನ್ನೊಂದು ಕಂಪನಿಗೆ ಅರ್ಜಿ ಹಾಕುತ್ತಾನೆ. ಕೇದಾರನಾಥದ ಕಂಪನಿಯಿಂದ ಬಂದಿದ್ದ ಪತ್ರಕ್ಕೆ ಬರುವುದಿಲ್ಲವೆಂದು ಆಗಲೇ ಬರೆದು ಕಳಿಸಿದ್ದಾನೆ.